ಸೆಕೆಂಡ್ ಹ್ಯಾಂಡ್ ಹಿಮಾಲಯ

ಕಳೆದ ಸಂಚಿಕೆಯಲ್ಲಿ ಈ ಅಂಕಣ ಏಕೆ ಬರಲಿಲ್ಲವೆಂದು ಮೂರು ಮಂದಿ ವಾಚಕರು ವಿಚಾರಿಸಿದರು. ಅವರಲ್ಲೊಬ್ಬರು ನನ್ನ ಮಾವನವರೆಂಬುದು ನಿಜ. ಆದರೂ ಮೂರು ಮೂರೇ. ಬರೆದು ಕೊಡಬೇಕಾಗಿದ್ದ ವಾರದಲ್ಲಿ ನನ್ನ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಪಟ್ಟಿ ಸುತ್ತುವ ಪ್ರಸಂಗ ಏಕೆ ಬಂದಿತೆಂಬುದೇ ಈ ಸಲದ ಹರಟೆ.

ಸಂಗತಿಯೇನೆಂದರೆ, ನಾನೊಂದು ಮೋಟಾರ್ ಸೈಕಲ್ಲು ಕೊಂಡೆ. ನಮ್ಮ ಧಾರವಾಡದ ಕಡೆಯ ಹಿರಿಯರ ಮಾತಿನಲ್ಲಿ ಹೇಳುವುದಾದರೆ, ಫಟಫಟಿ. ಹೊಸದಲ್ಲ, ಒಬ್ಬರು ಓಡಿಸಿ ಬಿಟ್ಟದ್ದು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿ.ಸಿ.ಯದು, 2019ರ ಮಾದರಿ. ಈ ಜಾತಿಯ ಗಾಡಿಗಳಿಗೆ ‘ಅಡ್ವೆಂಚರ್’ ಎಂದು ಹೆಸರು. ಮುಂದಿನ ಚಕ್ರ 21 ಅಂಗುಲದ್ದು, ಹಿಂದಿನದು 17. ಹೊಟ್ಟೆಗೂ ನೆಲಕ್ಕೂ ನಡುವೆ 220 ಮಿಲಿಮೀಟರು ಅಂತರ. ಮುಂದಿನ ಫೋರ್ಕು ಗುಂಡಿಗೆ ಇಳಿದಾಗ 200 ಮಿಲಿಮೀಟರು ಬಾಗಿ ಎದ್ದೇಳುತ್ತದೆ. ಕಲ್ಲು, ಹಳ್ಳ, ಕೆಸರು ಏನೇ ಬರಲಿ, ಹೋಗಬಲ್ಲೆನೆಂಬ ಠೀವಿ. 2016ರಲ್ಲಿ ಮೊದಲು ಬಂದ ಈ ಗಾಡಿಯ ಜಾಗಕ್ಕೆ 2023ರ ನವೆಂಬರಿನಲ್ಲಿ 450 ಸಿ.ಸಿ.ಯ ಹೊಸ ಹಿಮಾಲಯನ್ ಬಂದಿತು. ಹೊಸದು ಬಂದರೆ ಹಳೆಯದನ್ನು ಮಾರುವವರು ಹೆಚ್ಚುತ್ತಾರೆ. ಮಾರುವವರು ಹೆಚ್ಚಿದರೆ ನಮ್ಮಂಥ ಗುಮಾಸ್ತರ ಕೈಗೆ ಎಟುಕುತ್ತದೆ. 1,18,000 ರೂಪಾಯಿಗೆ ಮಾತು ಮುಗಿಯಿತು.

ಪುಣೆಯಲ್ಲಿ ಮನೆಯಿಂದ ಆಫೀಸಿಗೆ ಆರು ಕಿಲೋಮೀಟರು. ಅದಕ್ಕೆ ಸ್ಕೂಟರು ಧಾರಾಳವಾಗಿ ಸಾಕು. ‘ಮತ್ತೆ ಇದು ಯಾತಕ್ಕ?’ ಎಂದು ನಮ್ಮಾಕೆ ಕೇಳಿದಾಗ ನಾನು ಕೊಟ್ಟ ಉತ್ತರ, ಊರಿನ ರಸ್ತೆ. ಡಾಂಬರು ರಸ್ತೆಯಿಂದ ನಮ್ಮೂರಿಗೆ ಒಂಬತ್ತು ಕಿಲೋಮೀಟರು ಒಳಗೆ ಹೋಗಬೇಕು. ಆ ದಾರಿಯಲ್ಲಿ ಸ್ಕೂಟರಿನ ಸಣ್ಣ ಚಕ್ರ ಗುಂಡಿಗೆ ಬಿದ್ದರೆ ಏಳುವುದಿಲ್ಲ. ಉತ್ತರ ಸುಳ್ಳಲ್ಲ. ಪೂರ್ತಿಯೂ ಅಲ್ಲ. ಉಳಿದ ಭಾಗಕ್ಕೆ ಆಮೇಲೆ ಬರುತ್ತೇನೆ.

ಸರಕಾರಿ ನೌಕರನಿಗೆ ಗಾಡಿ ಕೊಳ್ಳುವುದು ಬರಿಯ ಹಣದ ಮಾತಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 18ನೆಯದು ನಮಗೆಲ್ಲ ಚೆನ್ನಾಗಿ ಪರಿಚಿತ: ಎರಡು ತಿಂಗಳ ಮೂಲವೇತನವನ್ನು ಮೀರುವ ಚರಾಸ್ತಿಯ ವ್ಯವಹಾರ ಮಾಡಿದರೆ ಒಂದು ತಿಂಗಳೊಳಗೆ ಮೇಲಿನವರಿಗೆ ವರದಿ ಒಪ್ಪಿಸತಕ್ಕದ್ದು. ಒಪ್ಪಿಸಿದೆ. ಸಾಹೇಬರು ಕಾಗದವನ್ನು ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಹಿಮಾಲಯಕ್ಕೆ ಹೋಗುವ ರಜೆ ಅರ್ಜಿ ಎಲ್ಲಿ?’ ಎಂದರು. ನನ್ನ ಎತ್ತರ ಐದಡಿ ನಾಲ್ಕಂಗುಲವೆಂಬುದು ಅವರ ಮನಸ್ಸಿನಲ್ಲಿ ಇತ್ತೆಂದು ಈಗ ಅನ್ನಿಸುತ್ತದೆ.

ಮಾರಿದ ತರುಣ ಒಳ್ಳೆಯವನೇ. ಗಾಡಿಯ ತುಂಬ ಚೀಟಿ ಅಂಟಿಸಿದ್ದ. ಟ್ಯಾಂಕಿನ ಮೇಲೆ ‘ಖರ್ದುಂಗ್ ಲಾ, 18,380 ಅಡಿ’ ಎಂದಿತ್ತು. ಆ ಕಣಿವೆಯಲ್ಲಿ ಬಹುಕಾಲ ನಿಂತಿದ್ದ ಫಲಕದ ಅಂಕಿಯೂ ಅದೇ. ಅಳತೆ ಮಾಡಿದವರ ಲೆಕ್ಕದಲ್ಲಿ ಅದರ ನಿಜವಾದ ಎತ್ತರ ಸುಮಾರು 17,582 ಅಡಿ. ‘ಲಡಾಖಿಗೆ ಎಂದು ಹೋಗಿದ್ದಿರಿ?’ ಎಂದು ಕೇಳಿದೆ. ಹುಡುಗ ಪ್ರಾಮಾಣಿಕ, ಲೋಣಾವಳೆಯಿಂದಾಚೆ ಹೋಗಿಲ್ಲವೆಂದೂ ಚೀಟಿಗಳನ್ನು ಅಂಚೆಯಲ್ಲಿ ತರಿಸಿದ್ದೆಂದೂ ಒಪ್ಪಿಕೊಂಡ. ನನಗೆ ಸಮಾಧಾನವಾಯಿತು. ಲಡಾಖಿನ ನೀರು ಹರಿವ ದಾರಿಗಳನ್ನು ದಾಟಿ ಬಂದ ಗಾಡಿಗಿಂತ ಆಫೀಸಿನ ಕಾರ್ ಪಾರ್ಕಿನಲ್ಲಿ ನೆರಳಿಗೆ ನಿಂತ ಗಾಡಿ ಕೊಳ್ಳುವವನಿಗೆ ಲೇಸು.

ಹಳೆಯ ಗಾಡಿ ಕೊಳ್ಳುವ ವಿಚಾರದಲ್ಲಿರುವ ಬಂಧುಗಳಿಗೆ ಕಾಗದಪತ್ರದ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ. ಫಾರ್ಮುಗಳ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಹಿಂದೆ ಬೀಳುವವನಲ್ಲ. ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರನ್ನು ನಿಮ್ಮ ಕಣ್ಣಿನಿಂದಲೇ ಓದಿ ಆರ್.ಸಿ. ಪುಸ್ತಕದೊಡನೆ ತಾಳೆ ನೋಡಬೇಕು. ಮಾರುವವರು ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕಿನ ಋಣ ತೀರಿದ ಪತ್ರವೂ 35ನೆಯ ನಮೂನೆಯೂ ಬೇಕು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು. ಬಾಕಿ ಉಳಿದ ಪೊಲೀಸ್ ದಂಡವಿದೆಯೋ ಎಂದು ಮೊದಲೇ ನೋಡಿಕೊಳ್ಳಬೇಕು. ನನ್ನ ಗಾಡಿಯ ಮೇಲೆ ಸಿಗ್ನಲ್ ದಾಟಿದ ಎರಡು ದಂಡಗಳಿದ್ದವು, ಹುಡುಗ ಕಟ್ಟಿಕೊಟ್ಟ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಹಳಬರು ಗಳಿಸಿದ ‘ನೋ ಕ್ಲೇಮ್’ ರಿಯಾಯಿತಿ ಗಾಡಿಯ ಜೊತೆಗೆ ಬರುವುದಿಲ್ಲ. ಅದು ಅವರದು, ಅವರೊಡನೆಯೇ ಹೋಗುತ್ತದೆ. ಇದು ತಿಳಿಯದೆ ನಾನು 600 ರೂಪಾಯಿ ಕಡಿಮೆ ಬೀಳುವುದೆಂದು ಲೆಕ್ಕ ಹಾಕಿ ಕುಳಿತಿದ್ದೆ.

ಇನ್ನು ಎತ್ತರದ ಮಾತು. ಈ ಗಾಡಿಯ ಸೀಟಿನ ಎತ್ತರ 800 ಮಿಲಿಮೀಟರು, ಎಂದರೆ ಮೂವತ್ತೊಂದೂವರೆ ಅಂಗುಲ. ಅಂಗಡಿಯ ಕಾಗದದಲ್ಲಿ ಓದಿದಾಗ ಅದೊಂದು ಅಂಕಿ. ಹತ್ತಿ ಕುಳಿತಾಗ ನನ್ನ ಎರಡು ಪಾದಗಳ ತುದಿಬೆರಳುಗಳು ಮಾತ್ರ ನೆಲವನ್ನು ಮುಟ್ಟಿದವು. ನಮ್ಮಾಕೆ ಬಾಗಿಲಲ್ಲಿ ನಿಂತು ನೋಡಿ, ‘ಏಣಿ ತರಲೇನ್ರಿ?’ ಎಂದಳು.

ಎರಡನೆಯ ದಿನ ನಮ್ಮ ಸೊಸೈಟಿಯ ಗೇಟಿನಲ್ಲಿ ಬಿದ್ದೆ. ಓಡುತ್ತ ಬಿದ್ದುದಲ್ಲ, ನಿಂತಲ್ಲೇ ಬಿದ್ದೆ. ಗೇಟು ತೆರೆಯುವುದಕ್ಕೆ ಕಾಯುತ್ತ ಬಲಗಾಲು ಊರಿದೆ. ಅಲ್ಲಿ ನೆಲ ಎರಡಂಗುಲ ತಗ್ಗಾಗಿತ್ತು. 190 ಕಿಲೋ ಮೀರಿದ ಗಾಡಿ ಆ ಎರಡಂಗುಲವನ್ನು ಅವಸರವಿಲ್ಲದೆ, ಸಭ್ಯವಾಗಿ ವಾಲತೊಡಗಿತು. ತಡೆಯಹೋದೆ. ತಡೆಯಬಾರದಿತ್ತು! ಒಂದು ಹಂತ ದಾಟಿದ ಮೇಲೆ ಇಂಥ ಗಾಡಿಯನ್ನು ಬಿಟ್ಟು ದೂರ ಸರಿಯಬೇಕು. ಹಿಡಿದುಕೊಂಡವನ ಕೈ ಮುರಿಯುತ್ತದೆ. ನನ್ನದು ಉಳುಕಿತು. ಒಂಬತ್ತು ವರ್ಷದ ಮಗಳು ಶಾಲೆಯ ಚೀಲ ಹೊತ್ತು ಅಲ್ಲೇ ನಿಂತಿದ್ದಳು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕಾವಲುಗಾರನೂ ಹಾಲಿನವನೂ ಸೇರಿ ಎತ್ತಿದರು. ಆಮೇಲೆ ಒಬ್ಬನೇ ಎತ್ತುವ ಉಪಾಯವನ್ನು ಕಲಿತೆ. ಗಾಡಿಗೆ ಮುಖವಲ್ಲ, ಬೆನ್ನು ಕೊಡಬೇಕು. ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರು ಹಿಡಿದು, ಮೊಣಕಾಲು ಮಡಿಸಿ ಕುಳಿತು, ಸೊಂಟ ಬಾಗಿಸದೆ ತೊಡೆಯ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕಿಡುತ್ತ ಏಳಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಬೇಕು, ಇಲ್ಲವಾದರೆ ಎದ್ದ ಗಾಡಿ ಆಚೆಗೆ ಬೀಳುತ್ತದೆ. ಕೈ ಗುಣವಾದ ಮೇಲೆ ರವಿವಾರ ಬೆಳಿಗ್ಗೆ ಹಳೆಯ ಹಾಸಿಗೆ ಹಾಸಿ, ಅದರ ಮೇಲೆ ಗಾಡಿ ಮಲಗಿಸಿ, ನಾಲ್ಕು ಸಲ ಎತ್ತಿ ನೋಡಿದೆ. ಸೊಸೈಟಿಯ ಸೆಕ್ರೆಟರಿಯವರು ಬಾಲ್ಕನಿಯಿಂದ ಇದನ್ನು ಕಂಡು ನನ್ನ ಬಗ್ಗೆ ಏನೆಂದುಕೊಂಡರೋ ನಾನರಿಯೆ.

ಸೀಟು ತಗ್ಗಿಸುವ ಕೆಲಸಕ್ಕೆ ನಾನಾ ಪೇಠೆಗೆ ಹೋದೆ. ಪುಣೆಯವರಿಗೆ ಹೇಳಬೇಕಾಗಿಲ್ಲ, ದ್ವಿಚಕ್ರದ ಬಿಡಿಭಾಗವೆಂದರೆ ನಾನಾ ಪೇಠೆ. ಮೊದಲ ಸಲ ನಾನೇ ಜಾಣತನ ತೋರಿಸಿ, ‘ಒಂದೂವರೆ ಅಂಗುಲ ಫೋಮು ಕತ್ತರಿಸಿ’ ಎಂದೆ. ಕತ್ತರಿಸಿದರು. ನೆಲ ಸಿಕ್ಕಿತು, ಆದರೆ ನಲವತ್ತು ಕಿಲೋಮೀಟರಿನ ಮೇಲೆ ಕೆಳಗಿನ ಹಲಗೆಯೇ ಸಿಕ್ಕಿತು. ಮತ್ತೆ ಹೋದಾಗ ಅಂಗಡಿಯ ಮುದುಕ ನಕ್ಕು ಹೇಳಿದ ಮಾತು ಲಕ್ಷ್ಯದಲ್ಲಿಡುವಂಥದು: ಎತ್ತರವನ್ನು ಕಡಿಮೆ ಮಾಡಬೇಡಿ, ಅಗಲವನ್ನು ಮಾಡಿ. ಟ್ಯಾಂಕಿನ ಹತ್ತಿರ ಸೀಟಿನ ಎರಡು ಅಂಚುಗಳನ್ನು ಕೆತ್ತಿದರೆ ತೊಡೆ ಹೊರಕ್ಕೆ ಚಾಚದೆ ಕಾಲು ನೆಟ್ಟಗೆ ಕೆಳಗಿಳಿಯುತ್ತದೆ. ಅರ್ಧ ಅಂಗುಲ ಫೋಮು ತೆಗೆದರೂ ಸಾಕಾಗುತ್ತದೆ. ಹಾಗೆಯೇ ಮಾಡಿಸಿದೆ. ಹಿಂದಿನ ಮೋನೋಶಾಕಿನ ಸ್ಪ್ರಿಂಗನ್ನು ಎರಡು ಮೆಟ್ಟು ಸಡಿಲಿಸಿದ್ದರಿಂದ ಇನ್ನೊಂದಿಷ್ಟು ಕುಳಿತಿತು. ಹಿಂದೆ ಯಾರಾದರೂ ಕುಳಿತಾಗ ಮತ್ತೆ ಬಿಗಿ ಮಾಡಬೇಕು. ಈಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಕುತ್ತದೆ. ಸಿಗ್ನಲಿನಲ್ಲಿ ಸೀಟಿನ ಮೇಲೆ ತುಸು ಎಡಕ್ಕೆ ಜಾರಿ, ಎಡಗಾಲೊಂದನ್ನೇ ಪೂರ್ತಿಯಾಗಿ ಊರಿ, ಬಲಗಾಲನ್ನು ಬ್ರೇಕಿನ ಮೇಲೆ ಇಡುವ ರೂಢಿಯನ್ನೂ ಮಾಡಿಕೊಂಡಿದ್ದೇನೆ. ಎರಡು ಕಾಲೂ ಮುಟ್ಟಲೇಬೇಕೆಂಬ ಹಟವೇ ನನ್ನನ್ನು ಗೇಟಿನಲ್ಲಿ ಕೆಡವಿತ್ತು.

ಗಾಡಿಗೆ ಏನೇನು ಸೇರಿಸಿದೆ ಎಂದು ಆಫೀಸಿನ ಗೆಳೆಯರು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಸೇರಿಸಿದ್ದಕ್ಕಿಂತ ಕಳಚಿದ್ದೇ ಹೆಚ್ಚು. ಹುಡುಗ ಮುಂದೆ ಎರಡು ದೊಡ್ಡ ಎಲ್.ಇ.ಡಿ. ದೀಪ ಹಾಕಿಸಿದ್ದ, ತಂತಿಗಳನ್ನು ಫ್ಯೂಜೂ ಇಲ್ಲದೆ ಬ್ಯಾಟರಿಗೆ ನೇರವಾಗಿ ಹೊಸೆದು, ಮೇಲೆ ಕರಿ ಟೇಪು ಸುತ್ತಿದ್ದರು. ಅವನ್ನು ಬಿಚ್ಚಿಸಿದೆ. ಎದೆ ನಡುಗಿಸುವ ಸೈಲೆನ್ಸರು ಇತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ರೂಪವನ್ನು ಬೇಕಾದಂತೆ ಬದಲಿಸುವುದಕ್ಕೆ ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಗಿಯಾಗಿಯೇ ಓದಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ ನಮ್ಮ ಕೆಳಮನೆಯಲ್ಲಿ ಹಸುಗೂಸಿದೆ. ಹಳೆಯ ಸೈಲೆನ್ಸರು ಹುಡುಗನ ಮನೆಯ ಅಟ್ಟದ ಮೇಲೆ ಇತ್ತು, ಕೊಟ್ಟ, ಹಾಕಿಸಿದೆ. ಖರ್ದುಂಗ್ ಲಾ ಚೀಟಿಯನ್ನು ಬಿಸಿನೀರಿನಿಂದ ಮಗಳು ಕಿತ್ತಳು. ಅವಳ ಮುಖದಲ್ಲಿ ಅಂದು ಸ್ವಲ್ಪ ನಗು ಬಂತು.

ಹಾಕಿಸಿದ್ದು ಮೂರೇ. ಹೊಸ ಚೈನು ಮತ್ತು ಸ್ಪ್ರಾಕೆಟ್ಟುಗಳು, ಬಿದ್ದಾಗ ಎಂಜಿನ್ ಉಳಿಸುವ ಕಬ್ಬಿಣದ ಗಾರ್ಡು, ಹೊಸ ಕೋನ್‌ಸೆಟ್ಟು. ಈ ಕೋನ್‌ಸೆಟ್ಟಿನ ಪರೀಕ್ಷೆಯನ್ನು ಕೊಳ್ಳುವ ದಿನವೇ ಮಾಡಬಹುದಿತ್ತು. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಹಿಂದಿನ ಭಾಗವನ್ನು ಒಬ್ಬರು ಅದುಮಿ ಹಿಡಿದು, ಇನ್ನೊಬ್ಬರು ಹ್ಯಾಂಡಲನ್ನು ಎರಡು ಬೆರಳಿನಿಂದ ನಿಧಾನವಾಗಿ ತಿರುಗಿಸಬೇಕು. ನಟ್ಟನಡುವೆ ಬಂದಾಗ ‘ಕಟಕ್’ ಎಂದು ಹಲ್ಲಿಗೆ ಕಚ್ಚಿದಂತೆ ನಿಂತರೆ ಬೇರಿಂಗಿನಲ್ಲಿ ಗುಂಡಿ ಬಿದ್ದಿದೆಯೆಂದೇ ಅರ್ಥ. ನನ್ನದು ಕಚ್ಚುತ್ತಿತ್ತು. ರಿಪೇರಿಯ ಮೊದಲು ನಿಧಾನವಾಗಿ ಹೋಗುವಾಗ ಗಾಡಿ ಕುಡಿದವನಂತೆ ಆಚೀಚೆ ತೂಗುತ್ತಿತ್ತು. ನಾನೋ ಅದು ನನ್ನ ಅಭ್ಯಾಸದ ಕೊರತೆಯೆಂದು ತಿಳಿದು ಮೂರು ವಾರ ನನ್ನನ್ನೇ ಬೈದುಕೊಂಡಿದ್ದೆ.

ಅಭ್ಯಾಸಕ್ಕೆಂದು ರವಿವಾರಗಳಲ್ಲಿ ಖಡಕವಾಸಲೆ ದಾಟಿ ಪಾನ್‌ಶೇತ್ ಕಡೆಗೆ ಹೋಗುತ್ತಿದ್ದೆ. 1961ರ ಜುಲೈ 12ರಂದು ಅಣೆಕಟ್ಟು ಒಡೆದು ಪುಣೆಯನ್ನೇ ಮುಳುಗಿಸಿತಲ್ಲ, ಅದೇ ಪಾನ್‌ಶೇತ್. ಹಿನ್ನೀರಿನ ಪಕ್ಕದಲ್ಲಿ ಜಲ್ಲಿಯ ದಾರಿಗಳಿವೆ. ಜಲ್ಲಿಯ ಮೇಲೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಗಾಡಿ ಹೆದರಿಸುತ್ತದೆ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ, ಕೈಯನ್ನು ಸಡಿಲ ಬಿಟ್ಟು, ಕಣ್ಣನ್ನು ಮುಂದಿನ ಚಕ್ರದಿಂದ ತೆಗೆದು ದೂರ ಇಟ್ಟರೆ ಚಕ್ರ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಎಂಜಿನ್ನಿನ ಬಲವೆಲ್ಲ ಕೆಳಗಿನ ಸುತ್ತುಗಳಲ್ಲಿರುವುದರಿಂದ ಎರಡನೆಯ ಗೇರಿನಲ್ಲಿ ಎತ್ತಿನ ಹಾಗೆ ಎಳೆಯುತ್ತದೆ. ಗಂಟೆಗೆ ಎಂಬತ್ತರಲ್ಲಿ ಇದರ ಪ್ರಕೃತಿ ಶಾಂತ; ನೂರು ದಾಟಿಸಿದರೆ ಕಾಲಡಿಯಲ್ಲಿ ಜುಮ್ಮೆನ್ನುತ್ತದೆ. ಎಂಬತ್ತು ನಮಗೂ ಸಾಕು.

ಕಾರ್ತಿಕ ಕಳೆದ ಮೇಲೆ ಊರಿಗೆ ಹೊರಟೆ. ನಮ್ಮಾಕೆಯೂ ಮಗಳೂ ರಾತ್ರಿಯ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ‘ಹೊತ್ತು ಮುಣುಗೂದ್ರಾಗ ಮುಟ್ಟಬೇಕ್ರಿ’ ಎಂಬ ಆಜ್ಞೆಯಾಗಿತ್ತು. ಬೆಳಿಗ್ಗೆ ಐದೂವರೆಗೆ ಬಿಟ್ಟು ಕಾತ್ರಜ್, ಖಂಬಾಟ್ಕಿ ಘಾಟು, ಸಾತಾರೆ, ಕರಾಡದಲ್ಲಿ ಉಪಾಹಾರ, ಕೊಲ್ಹಾಪುರದಲ್ಲಿ ಪೆಟ್ರೋಲು. ಹದಿನೈದು ಲೀಟರಿನ ಟ್ಯಾಂಕು, ಲೀಟರಿಗೆ ಮೂವತ್ತರ ಸುಮಾರು ಕೊಡುತ್ತದೆ. ತುಂಬಿಸದಿದ್ದರೂ ಧಾರವಾಡ ಮುಟ್ಟುತ್ತಿದ್ದೆನೇನೋ, ಆದರೆ ಗುಮಾಸ್ತನ ಬುದ್ಧಿ. ಕೊಗನೊಳ್ಳಿಯಲ್ಲಿ ಗಡಿ ದಾಟಿ ಅಂಗಡಿಗಳ ಮೇಲೆ ಕನ್ನಡ ಕಾಣಿಸಿಕೊಂಡಾಗ ಹೆಲ್ಮೆಟ್ಟಿನ ಒಳಗೆ ಒಬ್ಬನೇ ಗಟ್ಟಿಯಾಗಿ ಓದುತ್ತ ಹೋದೆ: ಕಿರಾಣಿ, ಖಾನಾವಳಿ, ಪಂಚರ್.

ಈಗ ಉಳಿದ ಭಾಗ.

ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಅವರಿಗೊಂದು ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯದು. 1961ರಲ್ಲಿ ಜಾವಾ ತಯಾರಿಸತೊಡಗಿ, 1973ರಿಂದ ಯೆಜ್ಡಿ ಹೆಸರು ಹಾಕಿ, 1996ರಲ್ಲಿ ಬಾಗಿಲು ಮುಚ್ಚಿತಲ್ಲ, ಆ ಕಾರಖಾನೆ. ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಲಿವರು. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಅಪ್ಪ ತೀರ್ಥಕ್ಕೆ ಉದ್ಧರಣೆ ಹಿಡಿದಂತೆ ಅಳೆದು ಮಾಡುತ್ತಿದ್ದರು. ಆ ಒಂಬತ್ತು ಕಿಲೋಮೀಟರನ್ನು ನಾನು ಟ್ಯಾಂಕಿನ ಮೇಲೆ ಕುಳಿತು ಎಷ್ಟು ಸಲ ದಾಟಿದೆನೋ! 2014ರಲ್ಲಿ ಅವರ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಯೆಜ್ಡಿ ದನದ ಕೊಟ್ಟಿಗೆಯಲ್ಲಿ ಕೋಳಿ ಕೂರುವ ಜಾಗವಾಗಿತ್ತು. ನಾನು ಹೊಸದಾಗಿ ನೌಕರಿಗೆ ಸೇರಿದವನು, ಎಲ್ಲವನ್ನೂ ವ್ಯವಸ್ಥೆಗೆ ತರುವ ಹುಮ್ಮಸ್ಸು. ಅಪ್ಪ ಮದುವೆಗೆಂದು ಪರವೂರಿಗೆ ಹೋಗಿದ್ದಾಗ ಹಳೆ ಕಬ್ಬಿಣದವನನ್ನು ಕರೆಸಿ 6,500 ರೂಪಾಯಿಗೆ ಮಾರಿಬಿಟ್ಟೆ. ತಿರುಗಿ ಬಂದ ಅಪ್ಪ ಖಾಲಿ ಕೊಟ್ಟಿಗೆಯನ್ನು ನೋಡಿ ಬಯ್ಯಲಿಲ್ಲ. ‘ಪಾನಾದ ಚೀಲಾನೂ ಕೊಟ್ಟಿಯೇನು?’ ಎಂದು ಕೇಳಿದರು, ಅಷ್ಟೆ. ಕೊಟ್ಟಿರಲಿಲ್ಲ. ಆ ಮಾತು ಅಲ್ಲಿಗೇ ನಿಂತದ್ದು ಮತ್ತೆ ಮುಂದುವರಿಯಲೇ ಇಲ್ಲ.

ನಾಲ್ಕು ಗಂಟೆಗೆ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಅಪ್ಪ ಕಟ್ಟೆಯ ಮೇಲಿದ್ದರು. ‘ಬಂದೇನಪಾ’ ಎಂದರು. ಚಹಾ ಆಯಿತು. ಗಾಡಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಸಂಜೆ ನಾನು ಮುಖ ತೊಳೆದು ಬರುವಷ್ಟರಲ್ಲಿ ಅವರು ಕೋಲನ್ನು ಗೋಡೆಗೆ ಒರಗಿಸಿ, ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಚೈನನ್ನು ತೋರುಬೆರಳಿನಿಂದ ಎತ್ತಿ ಎತ್ತಿ ನೋಡುತ್ತಿದ್ದರು. ಹಿಂದೆ ನಮ್ಮ ಮಗಳು ನಿಂತಿದ್ದಳು.

‘ಯಾರು ಬಿಗಿ ಮಾಡಿದ್ರೋ ಇದನ್ನ?’

‘ಗ್ಯಾರೇಜಿನ್ಯಾಗ, ಅಪ್ಪಾ.’

‘ನೀ ಮ್ಯಾಲ ಕೂಡು ನೋಡೋಣು.’

ಕುಳಿತೆ. ಅಪ್ಪ ಮತ್ತೆ ಬೆರಳಿಟ್ಟರು. ಚೈನು ವೀಣೆಯ ತಂತಿಯಾಗಿತ್ತು. ‘ಖಾಲಿ ಇದ್ದಾಗ ನೋಡಿ ಬಿಗದಾರ. ಮಂದಿ ಕೂತ ಮ್ಯಾಲ ನೋಡಬೇಕು. ಇದು ಭಾಳ ಕುಣಿಯೋ ಗಾಡಿ, ಇದಕ್ಕ ಇನ್ನೂ ಸಡ್ಲ ಬೇಕು’ ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಸೀಟು ಕುಸಿದಂತೆ ಹಿಂದಿನ ತೋಳು ಮೇಲೇರುತ್ತದೆ. ಚಕ್ರದ ಅಚ್ಚು, ತೋಳಿನ ಕೀಲು, ಮುಂದಿನ ಸ್ಪ್ರಾಕೆಟ್ಟು ಮೂರೂ ಒಂದು ಗೆರೆಗೆ ಬಂದಾಗ ಚೈನು ಅತಿ ಬಿಗಿ. ಸಸ್ಪೆನ್ಷನ್ನಿನ ಓಡಾಟ ಹೆಚ್ಚಿದ್ದಷ್ಟೂ ವ್ಯತ್ಯಾಸವೂ ಹೆಚ್ಚು. ನಾನೋ ಹಿಂದಿನ ವಾರ ಸ್ಪ್ರಿಂಗನ್ನು ಸಡಿಲಿಸಿ, ಸೀಟಿನ ಮೇಲೆ ಸಾಮಾನು ಹೇರಿ, ಆ ಬಿಗಿ ಚೈನಿನಲ್ಲಿ ನಾನೂರು ಕಿಲೋಮೀಟರು ಬಂದಿದ್ದೆ. ಗೇರ್ ಬಾಕ್ಸಿನ ಬೇರಿಂಗು ಪುಣ್ಯವಶಾತ್ ಉಳಿದಿತ್ತು.

ಅಪ್ಪ ಒಳಗೆ ಹೋಗಿ ಟ್ರಂಕಿನಿಂದ ಕಾಕಿ ಬಟ್ಟೆಯ ಚೀಲ ತಂದರು. ಸುರುಳಿ ಬಿಚ್ಚಿದರೆ ಪಾನಾಗಳೆಲ್ಲ ಎಣ್ಣೆ ಸವರಿ ಹೊಳೆಯುತ್ತಿದ್ದವು. ಅಚ್ಚಿನ ನಟ್ಟಿಗೆ ಅವುಗಳಲ್ಲಿ ಒಂದೂ ಕೂಡಲಿಲ್ಲ. ನನ್ನ ಚೀಲದ ಪಾನಾವನ್ನೇ ತೆಗೆಯಬೇಕಾಯಿತು. ನಾನು ನಟ್ಟು ಸಡಿಲಿಸಿದೆ. ಚಕ್ರ ನೆಟ್ಟಗಿದೆಯೋ ಇಲ್ಲವೋ ಎಂದು ಅಪ್ಪ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ‘ಎಡಕ್ಕ ಒಂದು ನೂಲು’ ಎಂದರು. ಮಗಳು ಬ್ಯಾಟರಿ ಹಿಡಿದಿದ್ದಳು. ಕತ್ತಲಾಗುವ ಹೊತ್ತಿಗೆ ಕೆಲಸ ಮುಗಿಯಿತು.

ಕೈ ಒರೆಸಿಕೊಳ್ಳುತ್ತ, ‘ಅಪ್ಪಾ, ಆವಾಗ ನಾ ಕೇಳದ ಮಾರಬಾರದಿತ್ತು’ ಎಂದೆ.

ಅಪ್ಪ ಪಾನಾಗಳನ್ನು ಅವುಗಳ ಅವುಗಳ ಜೇಬಿಗೆ ತುಂಬುತ್ತಿದ್ದರು. ‘ಕೋಳಿ ಮಾತ್ರ ಭಾಳ ದಿವ್ಸ ಅಲ್ಲೇ ಬಂದು ಹುಡಕಿದ್ವು ನೋಡು’ ಎಂದರು. ಬಳಿಕ ಚೀಲದಿಂದ ಟಾಯರ್ ಬಿಚ್ಚುವ ಎರಡು ಕಬ್ಬಿಣಗಳನ್ನು ಹೊರತೆಗೆದು, ‘ಇದಕ್ಕ ಟ್ಯೂಬ್ ಅದನೋ ಇಲ್ಲೋ?’ ಎಂದು ಕೇಳಿದರು. ಅರಗಡ್ಡಿಯ ಚಕ್ರ, ಒಳಗೆ ಟ್ಯೂಬು ಇದೆ. ಪಂಚರಾದರೆ ಮೊಳೆ ಕಿತ್ತು ಬತ್ತಿ ತುರುಕುವ ಹಾಗಿಲ್ಲ, ಚಕ್ರವನ್ನೇ ಬಿಚ್ಚಬೇಕು. ಹೌದೆಂದೆ. ‘ಹಂಗಾದ್ರ ಇವು ಬರ್ತಾವ. ಇಟಗೋ’ ಎಂದು ಕೈಗೆ ಕೊಟ್ಟರು. ಉಳಿದ ಚೀಲ ಮತ್ತೆ ಟ್ರಂಕಿಗೆ ಹೋಯಿತು.

ಮರುದಿನ ಬೆಳಿಗ್ಗೆ ಅವರನ್ನು ಹಿಂದೆ ಕೂರಿಸಿಕೊಂಡು ಡಾಂಬರು ರಸ್ತೆಯ ತನಕ ಹೋಗಿ ಬಂದೆ. ಹತ್ತಿಸಲು ಕಟ್ಟೆಯ ಪಕ್ಕಕ್ಕೇ ಗಾಡಿ ನಿಲ್ಲಿಸಬೇಕಾಯಿತು. ಸ್ಪ್ರಿಂಗನ್ನು ಹಿಂದಿನ ರಾತ್ರಿಯೇ ಎರಡು ಮೆಟ್ಟು ಏರಿಸಿದ್ದೆ. ದಾರಿಯುದ್ದಕ್ಕೂ ಅಪ್ಪ ಆಡಿದ್ದು ಒಂದೇ ಮಾತು, ಹಳ್ಳದ ಇಳಿಜಾರಿನಲ್ಲಿ: ‘ಗೇರ್ ಇಳಸು.’

ಕಬ್ಬಿಣಗಳು ಈಗ ನನ್ನ ಸೀಟಿನ ಹಿಂದೆ, ಹೊಸ ಟ್ಯೂಬಿನೊಡನೆ ಕಟ್ಟಿಕೊಂಡಿವೆ. ಟ್ಯೂಬು ಬದಲಿಸುವುದು ನನಗಿನ್ನೂ ಬಾರದು. ಮುಂದಿನ ರವಿವಾರ ಅದೇ ಹಳೆಯ ಹಾಸಿಗೆ ಹಾಸಿ ಕಲಿಯಬೇಕೆಂದಿದ್ದೇನೆ. ಸೆಕ್ರೆಟರಿಯವರಿಗೆ ಮೊದಲೇ ತಿಳಿಸಿದ್ದೇನೆ.